ವಿವಾಹ ವಿಚ್ಛೇದನ, ಅಸಿಂಧುತ್ವ, ಮಕ್ಕಳ ಪಾಲನೆ: ಕಥೊಲಿಕ ಕುಟುಂಬಗಳು ತಿಳಿದಿರಬೇಕಾದ ಕಾನೂನು

"ಫಾದರ್, ಚರ್ಚಿನಲ್ಲಿ ಮದುವೆ ರದ್ದಾಗಿದೆ, ಇನ್ನು ಕೋರ್ಟಿಗೆ ಯಾಕೆ ಹೋಗಬೇಕು?" "ಫಾದರ್, ಕೋರ್ಟಿನಲ್ಲಿ ಡೈವೋರ್ಸ್ ಸಿಕ್ಕಿದೆ, ಇನ್ನು ಚರ್ಚಿನಲ್ಲಿ ಮದುವೆಯಾಗಲು ಅಡ್ಡಿ ಏನು?" ಕರಾವಳಿಯ ಯಾವುದೇ ಧರ್ಮಕೇಂದ್ರದ ಕಚೇರಿಯಲ್ಲಿ ಈ ಎರಡು ಪ್ರಶ್ನೆಗಳು ಹೊಸತಲ್ಲ. ಎರಡೂ ಪ್ರಶ್ನೆಗಳ ಹಿಂದೆ ಒಂದೇ ತಪ್ಪು ತಿಳುವಳಿಕೆ ಇದೆ. ಧರ್ಮಸಭೆಯ ತೀರ್ಪು ಮತ್ತು ಸರಕಾರಿ ನ್ಯಾಯಾಲಯದ ತೀರ್ಪು ಒಂದೇ ಎಂದು, ಇಲ್ಲವೇ ಒಂದು ಸಿಕ್ಕಿದರೆ ಇನ್ನೊಂದು ಬೇಡವೆಂದು ನಮ್ಮ ಜನರು ನಂಬಿದ್ದಾರೆ. ಈ ನಂಬಿಕೆಯಿಂದ ಎರಡನೇ ಮದುವೆಯೇ ಅನೂರ್ಜಿತವಾಗುವುದು, ಮಕ್ಕಳ ಹಕ್ಕಿಗೆ ಧಕ್ಕೆ ಬರುವುದು, ಕೆಲವೊಮ್ಮೆ ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಗುವುದು ಸಾಧ್ಯ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಓದುಗರ ಮುಂದಿಡುತ್ತಿದ್ದೇವೆ. ಇದು ಸಾಮಾನ್ಯ ಮಾಹಿತಿ ಮಾತ್ರ. ನಿಮ್ಮ ಪ್ರಕರಣಕ್ಕೆ ವಕೀಲರ ಸಲಹೆಯನ್ನು ಪಡೆಯಲೇಬೇಕು.

ಎರಡು ನ್ಯಾಯಪೀಠಗಳು, ಎರಡು ಪ್ರಶ್ನೆಗಳು

ಧರ್ಮಪ್ರಾಂತ್ಯದ ಟ್ರಿಬ್ಯೂನಲ್ ಯಾರಿಗೂ ವಿಚ್ಛೇದನ ಕೊಡುವುದಿಲ್ಲ. ಮದುವೆಯ ದಿನದಂದು ನಿಜವಾದ ವಿವಾಹ ಬಂಧನ ಉಂಟಾಗಿತ್ತೇ ಎಂಬ ಒಂದೇ ಪ್ರಶ್ನೆಯನ್ನು ಅದು ಪರಿಶೀಲಿಸುತ್ತದೆ. ಒತ್ತಾಯ ಅಥವಾ ಭಯದಿಂದ ಸಮ್ಮತಿ ನೀಡಿದ್ದರೆ (ಕ್ಯಾನನ್ 1103), ಮುಖ್ಯವಾದ ವಿಷಯವೊಂದನ್ನು ಮೋಸದಿಂದ ಮುಚ್ಚಿಟ್ಟಿದ್ದರೆ (1098), ಮಾನಸಿಕ ಕಾರಣಗಳಿಂದ ವಿವಾಹದ ಹೊಣೆ ಹೊರಲು ಅಸಮರ್ಥರಾಗಿದ್ದರೆ (1095), ಬಾಯಿಯಲ್ಲಿ ಒಪ್ಪಿದರೂ ಮನಸ್ಸಿನಲ್ಲಿ ಮಕ್ಕಳನ್ನೋ ನಿಷ್ಠೆಯನ್ನೋ ನಿರಾಕರಿಸಿದ್ದರೆ (1101), ಸಮ್ಮತಿ ಆರಂಭದಿಂದಲೇ ದೋಷಪೂರ್ಣವಾಗಿತ್ತೆಂದು ಟ್ರಿಬ್ಯೂನಲ್ ಘೋಷಿಸಬಹುದು. ಮದುವೆಯಾಗಿ ಹತ್ತು ವರ್ಷಗಳ ನಂತರ ಗಂಡ ಕುಡಿತಕ್ಕೆ ಬಿದ್ದ ಎಂಬುದು ಅದರಷ್ಟಕ್ಕೆ ಅಸಿಂಧುತ್ವಕ್ಕೆ ಕಾರಣವಲ್ಲ. ಆ ದೌರ್ಬಲ್ಯದ ಬೇರು ಮದುವೆಯ ಹೊತ್ತಿಗೇ ಇತ್ತು ಎಂದು ಸಾಬೀತಾದರೆ ಮಾತ್ರ ಅದು ಪರಿಗಣನೆಗೆ ಬರುತ್ತದೆ.

ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ 'ಮಿತಿಸ್ ಯೂದೆಕ್ಸ್ ದೊಮಿನುಸ್ ಯೇಸುಸ್' ಆಜ್ಞಾಪತ್ರದ ಮೂಲಕ ಈ ಪ್ರಕ್ರಿಯೆ ಸರಳವಾಯಿತು. ಅದು ಆ ವರ್ಷದ ಡಿಸೆಂಬರ್ 8ರಂದು ಜಾರಿಗೆ ಬಂತು. ಅದಕ್ಕೆ ಮೊದಲು ಎರಡು ನ್ಯಾಯಮಂಡಳಿಗಳು ಒಂದೇ ತೀರ್ಪು ನೀಡಬೇಕಿತ್ತು. ಈಗ ಮೇಲ್ಮನವಿ ಇಲ್ಲದಿದ್ದರೆ ಒಂದೇ ತೀರ್ಪು ಸಾಕು. ಪತಿ ಪತ್ನಿ ಇಬ್ಬರೂ ಕೇಳಿಕೊಂಡಾಗ, ಅಥವಾ ಒಬ್ಬರು ಕೇಳಿ ಇನ್ನೊಬ್ಬರು ಒಪ್ಪಿದಾಗ, ಸಾಕ್ಷ್ಯವೂ ಸ್ಪಷ್ಟವಾಗಿದ್ದರೆ ಧರ್ಮಾಧ್ಯಕ್ಷರೇ ನ್ಯಾಯಾಧೀಶರಾಗಿ ತೀರ್ಮಾನಿಸುವ ಸಂಕ್ಷಿಪ್ತ ವಿಧಾನವೂ ಇದೆ. ಮದುವೆ ನಡೆದ ಸ್ಥಳದ ಟ್ರಿಬ್ಯೂನಲ್ ಮಾತ್ರವಲ್ಲ, ಇಬ್ಬರಲ್ಲಿ ಒಬ್ಬರು ನೆಲೆಸಿರುವ ಸ್ಥಳದ ಟ್ರಿಬ್ಯೂನಲಿಗೂ ಅರ್ಜಿ ಹಾಕಬಹುದು. ಮುಂಬಯಿ ಅಥವಾ ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮವರು ಊರಿಗೇ ಬರಬೇಕೆಂದಿಲ್ಲ. ಅಸಿಂಧುವೆಂದು ಘೋಷಿತವಾದರೆ ಮಕ್ಕಳು ಅಕ್ರಮ ಸಂತಾನವಾಗುತ್ತಾರೆಂಬ ಭಯ ಅನೇಕ ತಾಯಂದಿರಿಗಿದೆ. ಅದು ಸರಿಯಲ್ಲ. ಕ್ಯಾನನ್ 1137ರ ಪ್ರಕಾರ ಅಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳು ಸಕ್ರಮರೇ.

ಆದರೆ ಈ ತೀರ್ಪಿಗೆ ದೇಶದ ಕಾನೂನಿನಲ್ಲಿ ಬೆಲೆಯಿಲ್ಲ. ಕೇರಳದ ಮೋಲಿ ಜೋಸೆಫ್ ವಿರುದ್ಧ ಜಾರ್ಜ್ ಸೆಬಾಸ್ಟಿಯನ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಧರ್ಮಸಭೆಯ ನ್ಯಾಯಮಂಡಳಿ ಮೊದಲ ಮದುವೆಯನ್ನು ರದ್ದುಗೊಳಿಸಿದ್ದರೂ ನಾಗರಿಕ ನ್ಯಾಯಾಲಯ ಅದನ್ನು ವಿಸರ್ಜಿಸಿರಲಿಲ್ಲವಾದ ಕಾರಣ ಎರಡನೇ ಮದುವೆ ನಿಲ್ಲಲಿಲ್ಲ. ಇದನ್ನು ಬದಲಾಯಿಸಬೇಕೆಂದು ಪ್ರಯತ್ನಿಸಿದವರು ನಮ್ಮ ಊರಿನವರೇ. ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಅವರು ಧರ್ಮಸಭೆಯ ಟ್ರಿಬ್ಯೂನಲಿನ ತೀರ್ಪಿಗೆ ಕಾನೂನಿನ ಮಾನ್ಯತೆ ಕೊಡಬೇಕೆಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಜಾ ಮಾಡಿತು. ಹಾಗಾಗಿ ಈ ವಿಷಯದಲ್ಲಿ ಸದ್ಯ ಯಾವ ಸಂದೇಹಕ್ಕೂ ಎಡೆಯಿಲ್ಲ.

ಅರ್ಥ ಇಷ್ಟು. ಟ್ರಿಬ್ಯೂನಲಿನ ತೀರ್ಪು ಮಾತ್ರ ಹಿಡಿದು ಮತ್ತೆ ಮದುವೆಯಾದವರು ಕಾನೂನಿನ ದೃಷ್ಟಿಯಲ್ಲಿ ಹಳೆಯ ಮದುವೆಯಲ್ಲೇ ಇದ್ದಾರೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 82ರ ಪ್ರಕಾರ (ಹಿಂದಿನ ದಂಡ ಸಂಹಿತೆಯ ಸೆಕ್ಷನ್ 494) ಇದು ದ್ವಿಪತ್ನಿತ್ವ, ಏಳು ವರ್ಷಗಳವರೆಗೆ ಶಿಕ್ಷೆ ಇದೆ. ಅಂಥವರು ಮರಣಪತ್ರ ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಧವೆಗೆ ಸಲ್ಲಬೇಕಾದ ಮೂರನೇ ಒಂದು ಪಾಲು ಮೊದಲ ಹೆಂಡತಿಗೆ ಹೋಗುತ್ತದೆ. ಜೊತೆಯಲ್ಲಿ ಬಾಳಿದ, ಆಸ್ಪತ್ರೆಯಲ್ಲಿ ಆರೈಕೆ ಮಾಡಿದ ಎರಡನೆಯವಳಿಗೆ ಪತ್ನಿ ಎಂಬ ನೆಲೆಯಲ್ಲಿ ಏನೂ ಸಿಗುವುದಿಲ್ಲ. ಆಕೆಯ ಮಕ್ಕಳ ಪಾಲೂ ವಿವಾದಕ್ಕೆ ಬೀಳುತ್ತದೆ. ಈ ಕಾರಣದಿಂದಲೇ ಮರುಮದುವೆಗೆ ಮುನ್ನ ವಿಗಾರರು ಎರಡೂ ತೀರ್ಪುಗಳನ್ನು ಕೇಳುತ್ತಾರೆ. ಅದು ಕಿರುಕುಳವಲ್ಲ. ನಾಗರಿಕ ಕಾನೂನು ಮಾನ್ಯ ಮಾಡದ ಮದುವೆಯನ್ನು ಸ್ಥಳೀಯ ಧರ್ಮಾಧಿಕಾರಿಯ ಅನುಮತಿಯಿಲ್ಲದೆ ನಡೆಸಬಾರದೆಂದು ಕ್ಯಾನನ್ 1071 ಹೇಳುತ್ತದೆ.

ಇನ್ನು ಎರಡನೇ ಪ್ರಶ್ನೆ. ಕೋರ್ಟಿನ ವಿಚ್ಛೇದನ ಸಂಸ್ಕಾರದ ಬಂಧನವನ್ನು ಬಿಡಿಸುವುದಿಲ್ಲ. ಆದರೆ ಕೋರ್ಟಿಗೆ ಹೋದ ಮಾತ್ರಕ್ಕೆ ಪಾಪ ಮಾಡಿದಂತೆ ಎಂಬ ಮಾತು ಸರಿಯಲ್ಲ. ನ್ಯಾಯವಾದ ಹಕ್ಕುಗಳನ್ನು, ಮಕ್ಕಳ ಆರೈಕೆಯನ್ನು, ಆಸ್ತಿಯನ್ನು ಕಾಪಾಡಲು ಬೇರೆ ದಾರಿಯಿಲ್ಲದಿದ್ದರೆ ನಾಗರಿಕ ವಿಚ್ಛೇದನವನ್ನು ಸಹಿಸಬಹುದೆಂದು ಕಥೊಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ (ಸಂಖ್ಯೆ 2383) ಹೇಳಿದೆ. ವಿಚ್ಛೇದನ ಪಡೆದು ಮರುಮದುವೆಯಾಗದೆ ಬಾಳುವವರು ಆ ಕಾರಣಕ್ಕಾಗಿ ಪರಮ ಪ್ರಸಾದದಿಂದ ದೂರ ಉಳಿಯಬೇಕಾಗಿಲ್ಲ. ವಾಳೆಯಲ್ಲಿ ಯಾರೋ ಏನೋ ಹೇಳಿದರೆಂದು ಎಷ್ಟೋ ಮಹಿಳೆಯರು ಹಿಂದಿನ ಬೆಂಚಿನಲ್ಲೇ ಕುಳಿತುಬಿಡುತ್ತಾರೆ. ಇದನ್ನು ಧರ್ಮಗುರುಗಳು ಪ್ರವಚನದಲ್ಲೇ ಒಮ್ಮೆ ಹೇಳಿದರೆ ಒಳ್ಳೆಯದು.

ಕ್ರೈಸ್ತರ ವಿಚ್ಛೇದನ ಕಾನೂನು

ನಮಗೆ ಅನ್ವಯಿಸುವುದು 1869ರ ವಿಚ್ಛೇದನ ಕಾಯ್ದೆ. ಬ್ರಿಟಿಷರ ಕಾಲದ ಈ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. ಬರೇ ಹೊಡೆತ ತಿಂದರೆ ವಿಚ್ಛೇದನಕ್ಕೆ ಸಾಕಾಗುತ್ತಿರಲಿಲ್ಲ! ಮೇಲಾಗಿ ಜಿಲ್ಲಾ ನ್ಯಾಯಾಲಯದ ಡಿಕ್ರಿಯನ್ನು ಹೈಕೋರ್ಟ್ ಖಾಯಂ ಮಾಡಬೇಕಿತ್ತು. 1995ರಲ್ಲಿ ಕೇರಳ ಹೈಕೋರ್ಟಿನ ಪೂರ್ಣಪೀಠ ಅಮ್ಮಿಣಿ ಪ್ರಕರಣದಲ್ಲಿ ಈ ಅಸಮಾನತೆಯನ್ನು ತಳ್ಳಿಹಾಕಿತು. ಕೊನೆಗೆ 2001ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಆ ವರ್ಷದ ಅಕ್ಟೋಬರ್ 3ರಿಂದ ಪತಿ ಪತ್ನಿಯರಿಗೆ ಸಮಾನ ಕಾರಣಗಳು ಜಾರಿಯಲ್ಲಿವೆ.

ಸೆಕ್ಷನ್ 10ರಲ್ಲಿ ಹೇಳಿರುವ ಕಾರಣಗಳಲ್ಲಿ ಮುಖ್ಯವಾದವು ವ್ಯಭಿಚಾರ, ಜೊತೆಯಲ್ಲಿ ಬಾಳುವುದು ಅಪಾಯಕರವೆಂಬ ನ್ಯಾಯವಾದ ಭಯ ಹುಟ್ಟಿಸುವ ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಗುಣವಾಗದ ಬುದ್ಧಿಭ್ರಮಣೆ, ಮತಾಂತರ, ದಾಂಪತ್ಯ ಸಂಬಂಧಕ್ಕೆ ಬೇಕೆಂದೇ ನಿರಾಕರಣೆ ಮತ್ತು ಏಳು ವರ್ಷಗಳಿಂದ ಜೀವಂತವಿರುವ ಸುದ್ದಿಯೇ ಇಲ್ಲದಿರುವುದು. ಕುಷ್ಠರೋಗವೂ ಒಂದು ಕಾರಣವಾಗಿತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ದಾಂಪತ್ಯ ಪೂರ್ತಿ ಮುರಿದು ಬಿದ್ದಿದೆ ಎಂಬ ಕಾರಣವೊಂದರಿಂದಲೇ ಕುಟುಂಬ ನ್ಯಾಯಾಲಯ ವಿಚ್ಛೇದನ ಕೊಡಲಾರದು. ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರದಿಂದ ಸುಪ್ರೀಂ ಕೋರ್ಟ್ ಮಾತ್ರ ಹಾಗೆ ಮಾಡಬಹುದೆಂದು 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಹೇಳಿದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನ (ಸೆಕ್ಷನ್ 10-ಎ) 2001ರಲ್ಲೇ ಬಂದದ್ದು. ಇತರ ಸಮುದಾಯದವರಿಗೆ ಒಂದು ವರ್ಷ ಪ್ರತ್ಯೇಕವಾಗಿ ಬಾಳಿದರೆ ಸಾಕು ಎಂದಿದ್ದಾಗ ಕ್ರೈಸ್ತರಿಗೆ ಮಾತ್ರ ಎರಡು ವರ್ಷ ಎಂದು ಇಟ್ಟರು. ಏಕೆ ಎಂಬುದಕ್ಕೆ ನಮಗೆ ಸಮಾಧಾನಕರ ಉತ್ತರ ಎಲ್ಲಿಯೂ ಸಿಕ್ಕಿಲ್ಲ. 2010ರಲ್ಲಿ ಕೇರಳ ಹೈಕೋರ್ಟ್, 2014ರಲ್ಲಿ ಶಿವಕುಮಾರ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದು ಸಮಾನತೆಗೆ ವಿರುದ್ಧವೆಂದು ತೀರ್ಪಿತ್ತು 'ಎರಡು ವರ್ಷ' ಎಂಬುದನ್ನು 'ಒಂದು ವರ್ಷ' ಎಂದು ಓದಬೇಕೆಂದವು. ಆದ್ದರಿಂದ ನಮ್ಮ ರಾಜ್ಯದಲ್ಲಿ ಒಂದು ವರ್ಷ ಸಾಕು, ಎರಡು ವರ್ಷ ಎಂದು ಅಚ್ಚಾಗಿರುವ ಪುಸ್ತಕ ನೋಡಿ ಹಿಂದೆ ಸರಿಯಬೇಡಿ. ಅರ್ಜಿ ಸಲ್ಲಿಸಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ತಮ್ಮ ಒಪ್ಪಿಗೆಯನ್ನು ದೃಢಪಡಿಸಬೇಕು.

ಅರ್ಜಿಯನ್ನು ಎಲ್ಲಿ ಸಲ್ಲಿಸುವುದು? ಮದುವೆ ನಡೆದ ಸ್ಥಳ, ದಂಪತಿಗಳು ವಾಸಿಸುವ ಸ್ಥಳ ಅಥವಾ ಕೊನೆಗೆ ಜೊತೆಯಾಗಿ ವಾಸಿಸಿದ ಸ್ಥಳದ ನ್ಯಾಯಾಲಯದಲ್ಲಿ. ಪುಣೆಯಲ್ಲಿ ಸಂಸಾರ ಮಾಡಿ ತವರಿಗೆ ಮರಳಿದ ಹೆಣ್ಣುಮಗಳ ಮದುವೆ ಕುಂದಾಪುರದ ಇಗರ್ಜಿಯಲ್ಲಿ ನಡೆದಿದ್ದರೆ ಆಕೆ ಉಡುಪಿ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಕುಟುಂಬ ನ್ಯಾಯಾಲಯ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ ಪ್ರಕಾರ ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸಬೇಕು, ಒಬ್ಬರು ಕೇಳಿಕೊಂಡರೂ ವಿಚಾರಣೆಯನ್ನು ಗೌಪ್ಯವಾಗಿ ನಡೆಸಬೇಕು. ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೆದರುವವರು ಈ ಕೊನೆಯ ಸೌಲಭ್ಯವನ್ನು ಕೇಳಿ ಪಡೆಯಬೇಕು. ಡಿಕ್ರಿ ಸಿಕ್ಕಿದ ಮರುದಿನವೇ ಮರುಮದುವೆಯ ತಯಾರಿ ಬೇಡ. ಮೇಲ್ಮನವಿಯ ಅವಧಿ ಮುಗಿಯಬೇಕು, ಮೇಲ್ಮನವಿ ಆಗಿದ್ದರೆ ಅದು ವಜಾ ಆಗಬೇಕು.

ವಿಚ್ಛೇದನ ತಮ್ಮ ವಿಶ್ವಾಸಕ್ಕೆ ಒಪ್ಪದು, ಆದರೆ ಜೊತೆಯಲ್ಲಿ ಬಾಳುವುದೂ ಸಾಧ್ಯವಿಲ್ಲ ಎನ್ನುವವರಿಗೆ ನ್ಯಾಯಿಕ ಬೇರ್ಪಡೆ ಎಂಬ ದಾರಿ ಇದೆ (ಸೆಕ್ಷನ್ 22). ವ್ಯಭಿಚಾರ, ಕ್ರೌರ್ಯ ಅಥವಾ ಎರಡು ವರ್ಷಗಳ ಪರಿತ್ಯಾಗ ಇದಕ್ಕೆ ಕಾರಣ. ಬಂಧನ ಉಳಿಯುತ್ತದೆ, ಆದರೆ ಆ ದಿನದಿಂದ ಪತ್ನಿ ಗಳಿಸುವ ಆಸ್ತಿ ಪೂರ್ತಿಯಾಗಿ ಆಕೆಯದೇ ಆಗುತ್ತದೆ. ಇದು ಕ್ಯಾನನ್ 1153ರಲ್ಲಿ ಧರ್ಮಸಭೆಯೇ ಒಪ್ಪುವ ಪ್ರತ್ಯೇಕ ವಾಸಕ್ಕೆ ಹತ್ತಿರದ್ದು. ವಕೀಲರು ಇದನ್ನು ಸಾಮಾನ್ಯವಾಗಿ ತಾವಾಗಿ ಸೂಚಿಸುವುದಿಲ್ಲ, ಕೇಳಬೇಕು.

ಹಿಂಸೆ ಇರುವಲ್ಲಿ

'ಸಹಿಸಿಕೊಂಡು ಹೋಗು ಮಗಳೇ, ಪ್ರಾರ್ಥನೆ ಮಾಡು' ಎಂದು ಹೇಳಿ ಮನೆಗೆ ಹಿಂದಕ್ಕೆ ಕಳುಹಿಸುವ ರೂಢಿ ನಮ್ಮಲ್ಲಿ ಹೋಗಿಲ್ಲ. ತಂದೆ ತಾಯಿ ಹೇಳುತ್ತಾರೆ, ಗುರಿಕಾರರು ಹೇಳುತ್ತಾರೆ, ಧರ್ಮಗುರುಗಳೂ ಹೇಳುತ್ತಾರೆ. ಹೊಡೆತ ಬೀಳುವ ಮನೆಗೆ ಇದು ಸಲಹೆಯಲ್ಲ. ಮೇಲೆ ಹೇಳಿದ ಕ್ಯಾನನ್ ತಾನೇ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದಾಗ ಬಿಟ್ಟು ಹೋಗುವ ಹಕ್ಕನ್ನು ಕೊಟ್ಟಿದೆ. ತಡಮಾಡಿದರೆ ಅಪಾಯವೆಂದಿದ್ದರೆ ಸ್ವಂತ ನಿರ್ಧಾರದಿಂದಲೇ ಹೋಗಬಹುದು.

2005ರ ಕೌಟುಂಬಿಕ ಹಿಂಸಾಚಾರದಿಂದ ಮಹಿಳೆಯರ ರಕ್ಷಣೆ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಇದರ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ, ಜೀವನಾಂಶ, ಮಕ್ಕಳ ತಾತ್ಕಾಲಿಕ ಪಾಲನೆ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೊಡಬಹುದು. ಮನೆ ಗಂಡನ ಹೆಸರಿನಲ್ಲಿದೆ ಎಂದ ಮಾತ್ರಕ್ಕೆ ಹೆಂಡತಿಯನ್ನು ಹೊರದೂಡುವಂತಿಲ್ಲ, ವಾಸದ ಹಕ್ಕು ಆಕೆಗಿದೆ. ವಿಚ್ಛೇದನದ ಅರ್ಜಿ ಹಾಕಲೇಬೇಕೆಂದೂ ಇಲ್ಲ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ರಕ್ಷಣಾಧಿಕಾರಿಯನ್ನು ಭೇಟಿಯಾಗಬಹುದು. ತುರ್ತಾಗಿದ್ದರೆ ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.

ಜೀವನಾಂಶ

ವಿಚ್ಛೇದನದ ಮೊಕದ್ದಮೆ ನಡೆಯುತ್ತಿರುವಾಗಲೇ ಪತ್ನಿ ತಾತ್ಕಾಲಿಕ ಜೀವನಾಂಶ ಮತ್ತು ಮೊಕದ್ದಮೆಯ ಖರ್ಚು ಕೇಳಬಹುದು (ಸೆಕ್ಷನ್ 36). 2001ಕ್ಕೆ ಮೊದಲು ಇದು ಗಂಡನ ಆದಾಯದ ಐದನೇ ಒಂದು ಪಾಲನ್ನು ಮೀರುವಂತಿರಲಿಲ್ಲ. ಈಗ ಆ ಮಿತಿ ಇಲ್ಲ. ಸಾಧ್ಯವಾದಷ್ಟು 60 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುವುದಕ್ಕೂ ನಡೆಯುವುದಕ್ಕೂ ಇರುವ ಅಂತರ ಓದುಗರಿಗೆ ಗೊತ್ತೇ ಇದೆ. ಡಿಕ್ರಿಯ ಹೊತ್ತಿಗೆ ಸೆಕ್ಷನ್ 37ರಲ್ಲಿ ಶಾಶ್ವತ ಜೀವನಾಂಶ ನಿಗದಿಯಾಗಬಹುದು. ಇದಲ್ಲದೆ ಹಳೆಯ ಸೆಕ್ಷನ್ 125ರ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಬಂದಿದೆ. ಪತ್ನಿ, ಮಕ್ಕಳು ಮಾತ್ರವಲ್ಲ, ವೃದ್ಧ ತಂದೆ ತಾಯಿಯೂ ಇದರಲ್ಲಿ ಜೀವನಾಂಶ ಕೇಳಬಹುದು.

ಗಂಡ ತನಗೆ ಸಂಬಳವೇ ಇಲ್ಲವೆಂದು ಹೇಳುವುದು ಸಾಮಾನ್ಯ. ಹಡಗಿನಲ್ಲಿ, ಗಲ್ಫಿನಲ್ಲಿ ದುಡಿಯುವವರ ಆದಾಯವನ್ನು ತೋರಿಸುವುದು ಇನ್ನೂ ಕಷ್ಟ. 2020ರ ನವೆಂಬರಿನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಪರಿಹಾರ ಹೇಳಿತು. ಇಬ್ಬರೂ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ನೀಡಲೇಬೇಕು, ಮತ್ತು ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು. ಆದ್ದರಿಂದ ಅರ್ಜಿ ಹಾಕಲು ತಡಮಾಡಿದಷ್ಟೂ ನಷ್ಟವೇ. ಬ್ಯಾಂಕ್ ಪಾಸ್‌ಬುಕ್, ಊರಿಗೆ ಹಣ ಕಳುಹಿಸಿದ ರಶೀದಿ, ಒಪ್ಪಂದ ಪತ್ರದ ಪ್ರತಿ ಇಂಥವನ್ನು ಜೋಪಾನವಾಗಿಡಿ. ಮದುವೆಯ ಚಿನ್ನದ ಪಟ್ಟಿ ಮತ್ತು ಫೋಟೋಗಳನ್ನೂ.

ಮಕ್ಕಳು ಯಾರ ಬಳಿ?

ಮಕ್ಕಳ ವಿಷಯದಲ್ಲಿ ತಂದೆಗೆ ಹಕ್ಕು, ತಾಯಿಗೆ ಹಕ್ಕು ಎಂಬ ಮಾತು ನ್ಯಾಯಾಲಯದಲ್ಲಿ ಎರಡನೆಯದು. ಮಗುವಿನ ಹಿತವೇ ಮೊದಲನೆಯದು. ಈ ತತ್ವವನ್ನು ಗಟ್ಟಿಯಾಗಿ ಹೇಳಿದ 1973ರ ರೋಸಿ ಜೇಕಬ್ ಪ್ರಕರಣ ಕ್ರೈಸ್ತ ದಂಪತಿಯದ್ದೇ. ಮಕ್ಕಳು ತಂದೆ ತಾಯಿಯರ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ ಅಂದು ಹೇಳಿತು. ವಿಚ್ಛೇದನದ ಮೊಕದ್ದಮೆ ಇದ್ದರೆ ಅದರಲ್ಲೇ ಸೆಕ್ಷನ್ 41ರಿಂದ 44ರವರೆಗಿನ ನಿಯಮಗಳಡಿ ಪಾಲನೆ, ಶಿಕ್ಷಣದ ಖರ್ಚು ಕೇಳಬಹುದು. ಇಲ್ಲದಿದ್ದರೆ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೆ ಹೋಗಬೇಕು. ವಯಸ್ಸು, ಲಿಂಗ, ಧರ್ಮ, ಪಾಲಕರ ನಡತೆ ಮತ್ತು ಸಾಮರ್ಥ್ಯ, ಮಗು ತಿಳಿಯುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟ ಇವೆಲ್ಲವನ್ನೂ ನ್ಯಾಯಾಧೀಶರು ನೋಡುತ್ತಾರೆ. ಎಳೆಯ ಮಕ್ಕಳನ್ನು ಹೆಚ್ಚಾಗಿ ತಾಯಿಗೇ ಒಪ್ಪಿಸುತ್ತಾರೆ. ಹೆಚ್ಚು ಸಂಬಳ ಇದ್ದವರಿಗೇ ಮಗು ಎಂಬುದು ತಪ್ಪು ಕಲ್ಪನೆ, ಸಂಬಳದ ಕೊರತೆಯನ್ನು ಜೀವನಾಂಶ ತುಂಬುತ್ತದೆ.

ಪಾಲನೆ ಒಬ್ಬರಿಗೆ ಸಿಕ್ಕಿದರೂ ಇನ್ನೊಬ್ಬರಿಗೆ ಭೇಟಿಯ ಹಕ್ಕು ಇರುತ್ತದೆ. ವಿದೇಶದಲ್ಲಿರುವ ತಂದೆಗೆ ವೀಡಿಯೊ ಕರೆಯ ಮೂಲಕ ಮಾತನಾಡುವ ಅವಕಾಶ ಇರಬೇಕೆಂದು 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಂಡನ ಮೇಲಿನ ಸಿಟ್ಟಿಗೆ ಮಗುವಿನ ಫೋನ್ ಕಿತ್ತುಕೊಳ್ಳುವುದು, ಹೆಂಡತಿಯ ಮೇಲಿನ ಹಟಕ್ಕೆ ಶಾಲೆಯಿಂದಲೇ ಮಗುವನ್ನು ಎತ್ತಿಕೊಂಡು ಹೋಗುವುದು ಎರಡೂ ಮೊಕದ್ದಮೆಗೆ ಹಾನಿ, ಮಗುವಿಗಂತೂ ಹೇಳುವುದೇ ಬೇಡ. ಮಕ್ಕಳನ್ನು ಧರ್ಮೋಪದೇಶ ತರಗತಿಗೆ ಕಳುಹಿಸುವ ಧರ್ಮಕೇಂದ್ರ ಬದಲಾದಾಗ ಅಲ್ಲಿಯ ಶಿಕ್ಷಕಿಗೆ ಯಾರು ಕರೆದೊಯ್ಯಲು ಬರಬಹುದೆಂದು ಮೊದಲೇ ತಿಳಿಸಿಡುವುದು ಒಳ್ಳೆಯದು.

ಅವಿವಾಹಿತ ತಾಯಿಯ ಬಗ್ಗೆ ಒಂದು ಮಾತು. 2015ರಲ್ಲಿ ಕ್ರೈಸ್ತ ಮಹಿಳೆಯೊಬ್ಬರ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್, ತಂದೆಯ ಹೆಸರು ಹೇಳದೆ, ಆತನಿಗೆ ನೋಟೀಸು ಕೊಡದೆ ತಾಯಿ ಮಗುವಿನ ಪಾಲಕಳಾಗಬಹುದೆಂದು ತೀರ್ಪಿತ್ತಿದೆ. ಜ್ಞಾನಸ್ನಾನದ ವಿಷಯದಲ್ಲೂ ಇಂಥ ತಾಯಂದಿರನ್ನು ಅನಗತ್ಯ ಪ್ರಶ್ನೆಗಳಿಂದ ನೋಯಿಸಬಾರದು.

ವಿದೇಶದಲ್ಲಿರುವವರಿಗೆ

ದುಬೈಯಲ್ಲಿ, ಕುವೈಟಿನಲ್ಲಿ ಪಡೆದ ವಿಚ್ಛೇದನ ಇಲ್ಲಿ ತಾನಾಗಿ ಮಾನ್ಯವಾಗುವುದಿಲ್ಲ. 1991ರ ನರಸಿಂಹ ರಾವ್ ಪ್ರಕರಣದ ಪ್ರಕಾರ ಆ ವಿದೇಶಿ ತೀರ್ಪು ನಮ್ಮ ವಿವಾಹ ಕಾನೂನಿನಲ್ಲಿರುವ ಕಾರಣದ ಮೇಲೆಯೇ ಆಗಿರಬೇಕು, ಇನ್ನೊಬ್ಬರು ನಿಜವಾಗಿ ಹಾಜರಾಗಿ ವಾದಿಸಿರಬೇಕು ಅಥವಾ ಒಪ್ಪಿರಬೇಕು. ಯುಎಇಯಲ್ಲಿ 2023ರ ಫೆಬ್ರವರಿಯಿಂದ ಮುಸ್ಲಿಮೇತರರಿಗೆ ಜಾರಿಯಾದ ಕಾನೂನಿನಲ್ಲಿ ಯಾರ ತಪ್ಪನ್ನೂ ತೋರಿಸದೆ ಒಬ್ಬರೇ ವಿಚ್ಛೇದನ ಪಡೆಯಬಹುದು. ಅಂಥ ಕಾರಣ ನಮ್ಮ ಕಾಯ್ದೆಯಲ್ಲಿ ಇಲ್ಲವಾದುದರಿಂದ ಆ ಕಾಗದವನ್ನು ನಂಬಿ ಊರಿನಲ್ಲಿ ಮದುವೆ ನಿಶ್ಚಯಿಸುವುದು ಅಪಾಯ. ಅಲ್ಲಿಂದ ನೋಟೀಸು ಬಂದರೆ ಕಸದ ಬುಟ್ಟಿಗೆ ಹಾಕದೆ ಕೂಡಲೇ ವಕೀಲರಿಗೆ ತೋರಿಸಿ. ಇಲ್ಲಿಯ ಮೊಕದ್ದಮೆಗಾಗಿ ಪ್ರತಿ ಬಾರಿ ರಜೆ ಹಾಕಿ ಬರಬೇಕಾಗಿಲ್ಲ. ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳುಹಿಸಬಹುದು. ವೀಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ನ್ಯಾಯಾಲಯದ ಅನುಮತಿ ಕೇಳಬಹುದು.

ಖರ್ಚಿಲ್ಲದ ನೆರವು

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. ಇದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ 'ನಾವು ಬಿಪಿಎಲ್ ಅಲ್ಲ, ನಮಗೆ ಸಿಗುವುದಿಲ್ಲ' ಎಂದು ಸುಮ್ಮನಾಗುವವರು ಬಹಳ. ಪುರುಷರಿಗೆ ಆದಾಯ ಮಿತಿ ಇದೆ, ಆದರೆ ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಇಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಅರ್ಜಿ ಬರೆದು ಕೊಡಬಹುದು. ದೂರವಾಣಿ ಸಂಖ್ಯೆ 15100.

ಹೋಗುವಾಗ ಇಗರ್ಜಿಯ ವಿವಾಹ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಇಬ್ಬರ ವಿಳಾಸದ ದಾಖಲೆ, ಆದಾಯದ ಬಗ್ಗೆ ಕೈಯಲ್ಲಿರುವ ಕಾಗದಗಳು, ಪೋಲೀಸು ದೂರು ಅಥವಾ ವೈದ್ಯರ ಚೀಟಿ ಇದ್ದರೆ ಅದನ್ನೂ ಒಯ್ಯಿರಿ. ವಿವಾಹ ಪ್ರಮಾಣಪತ್ರವನ್ನು ಗಂಡನ ಮನೆಯವರು ಕೊಡದಿದ್ದರೆ ಚಿಂತೆಯಿಲ್ಲ. ಮದುವೆ ನಡೆದ ಧರ್ಮಕೇಂದ್ರದ ರಿಜಿಸ್ಟರಿನಿಂದ ಪತಿ ಪತ್ನಿ ಇಬ್ಬರಲ್ಲಿ ಯಾರು ಕೇಳಿದರೂ ಪ್ರತಿ ಕೊಡಬೇಕು, ಇನ್ನೊಬ್ಬರ ಒಪ್ಪಿಗೆ ಬೇಕಾಗಿಲ್ಲ. ಟ್ರಿಬ್ಯೂನಲಿಗೆ ಅರ್ಜಿ ಹಾಕಬೇಕೆಂದಿದ್ದರೆ ಇದರ ಜೊತೆಗೆ ಇಬ್ಬರ ಜ್ಞಾನಸ್ನಾನ ಪ್ರಮಾಣಪತ್ರ, ಮದುವೆಗೆ ಮೊದಲಿನ ಪರಿಚಯದಿಂದ ಹಿಡಿದು ಬೇರ್ಪಟ್ಟ ದಿನದವರೆಗಿನ ಸಂಗತಿಗಳನ್ನು ನಿಮ್ಮ ಮಾತಿನಲ್ಲೇ ಬರೆದ ವಿವರ, ಮತ್ತು ಮದುವೆಯ ಸಮಯದ ಸ್ಥಿತಿಯನ್ನು ಬಲ್ಲ ಕೆಲವು ಸಾಕ್ಷಿಗಳ ಹೆಸರು ವಿಳಾಸ ಬೇಕಾಗುತ್ತದೆ. ಶುಲ್ಕ ಕೊಡಲು ಕಷ್ಟವಿದ್ದವರು ಅದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಹಣವಿಲ್ಲವೆಂಬ ಕಾರಣಕ್ಕೆ ಯಾರ ಅರ್ಜಿಯೂ ಹಿಂದಕ್ಕೆ ಹೋಗಬಾರದೆಂಬುದು 2015ರ ಆಜ್ಞಾಪತ್ರದ ಆಶಯವೂ ಹೌದು.